ಮಗಳ ನೋಟ್‌ಬುಕ್ಕಿನ ಹಿಂದೆ ಒಂದು ಸಾಲು. ಕೇಳಲೋ, ಬಿಡಲೋ?

ಡೇರೆಹೂವು | ಸೋಮವಾರ, ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಅಪ್ಪೆಮಿಡಿ, ಡೇರೆ (ಡೇಲಿಯಾ) ಹೂವಿನ ಗಡ್ಡೆ ಅಂತ ಮಾತ್ರ ಬರೆದವಳು ನಾನು. ಇವತ್ತು ಬೇರೆ ವಿಷಯ. ಊರು ಹೇಳುವುದಿಲ್ಲ, ಶಿರಸಿಯಿಂದ ಒಂದು ತಾಸಿನ ಬಸ್ಸು ಅಂದುಕೊಳ್ಳಿ.

ಮಗಳಿಗೆ 16. ಕನ್ನಡ ಮೀಡಿಯಂನಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 95 ತೆಗೆದಳು. ಈಗ ಪೇಟೆಯಲ್ಲಿ ಪಿಯು ಮೊದಲ ವರ್ಷ, ಸೈನ್ಸ್. ಬೆಳಿಗ್ಗೆ 7ರ ಬಸ್ಸಿಗೆ ಹೋದರೆ ಕತ್ತಲಾಗುವ ಹೊತ್ತಿಗೆ ಬರುತ್ತಾಳೆ. ಒಂದು ತಿಂಗಳಿನಿಂದ ಮಾತು ಕಡಿಮೆ. ಊಟ ಅರ್ಧಕ್ಕೆ ಬಿಟ್ಟು ಏಳುತ್ತಾಳೆ. ರಾತ್ರಿ ಎರಡಕ್ಕೆ ಎದ್ದು ನೋಡಿದರೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ. ಕೇಳಿದರೆ "ಏನಿಲ್ಲ ಆಯಿ, ಸುಮ್ನೆ" ಅಷ್ಟೇ.

ಹೋದ ವಾರ ಅವಳ ಡೇರೆ ಕುಂಡ ಹನ್ನೊಂದನ್ನೂ ಆಚೆಮನೆ ಅತ್ತಿಗೆಗೆ ಕೊಟ್ಟುಬಿಟ್ಟಳು. ಮೊಗ್ಗು ಬಿಟ್ಟ ಕುಂಡಗಳು. ಪ್ರತಿ ಗಡ್ಡೆಗೂ ಬಣ್ಣದ ಹೆಸರು ಬರೆದು ಚೀಟಿ ಕಟ್ಟಿಡುವ ಹುಡುಗಿ ಅವಳು. ಓದಿಗೆ ಪುರುಸೊತ್ತಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ.

ಇವತ್ತು ಒದ್ದೆಯಾದ ಬ್ಯಾಗನ್ನು ಒಲೆ ಹತ್ತಿರ ಒಣಗಲು ಇಡುವಾಗ ಫಿಸಿಕ್ಸ್ ನೋಟ್‌ಬುಕ್ ಕೆಳಗೆ ಬಿತ್ತು. ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ "ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ" ಅಂತ ಬರೆದಿದೆ. ಒಮ್ಮೆ ಅಳಿಸಿ, ಅದೇ ಜಾಗದಲ್ಲಿ ಮತ್ತೆ ಅದನ್ನೇ ಬರೆದಿದ್ದಾಳೆ.

ಕೇಳಿದರೆ ಇಲ್ಲದ ವಿಚಾರ ನಾನೇ ತಲೆಗೆ ಹಾಕಿದಂತಾಗುತ್ತದಾ? ಅವಳ ಅಪ್ಪನಿಗೆ ಇನ್ನೂ ಹೇಳಿಲ್ಲ. ಕೈ ನಡುಗುತ್ತಿದೆ.

ಬೈತಖೋಲ್ | ರಾತ್ರಿ 9:58

ಇವತ್ತೇ ಕೇಳಿ. ನಾಳೆಗೆ ಇಡಬೇಡಿ.

ಹಳೇಪಾಟಿ | ರಾತ್ರಿ 10:04

ಅಕ್ಕಾ, ಗಾಬರಿ ಬೀಳಬೇಡಿ. ಈ ವಯಸ್ಸಿನಲ್ಲಿ ಎಲ್ಲರೂ ಏನಾದರೂ ಗೀಚುತ್ತಾರೆ. ನಾನೂ ಡೈರಿ ತುಂಬ ಸಾವಿನ ಮೇಲೆ ಕವನ ಬರೆದವನೇ, ಈಗ 54, ಗಟ್ಟಿಮುಟ್ಟಾಗಿದ್ದೇನೆ. ಮೊದಲು ಮೊಬೈಲ್ ಕಸಿದುಕೊಳ್ಳಿ. ಅರ್ಧ ರೋಗ ಅಲ್ಲೇ ಇದೆ.

ಬಿಳಿಕೋಟು | ರಾತ್ರಿ 10:15

ನಾನು ತಾಲೂಕು ಆಸ್ಪತ್ರೆಯಲ್ಲಿ ನರ್ಸ್, 14 ವರ್ಷವಾಯಿತು. ಹಳೇಪಾಟಿಯವರೇ, ಬರೀ ಒಂದು ಸಾಲು ಆಗಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆನೋ ಏನೋ. ಇಲ್ಲಿ ನಿದ್ದೆ ಇಲ್ಲ, ಊಟ ಸರಿಯಿಲ್ಲ, ಜೀವದಂತಿದ್ದ ಕುಂಡಗಳನ್ನು ಕೊಟ್ಟುಬಿಟ್ಟಿದ್ದಾಳೆ, ಅದರ ಮೇಲೆ ಈ ಸಾಲು. ಹೀಗೆ ಒಟ್ಟಿಗೆ ಬಂದದ್ದನ್ನು ವಯಸ್ಸಿನ ಗುಣ ಅಂತ ಬಿಡಬಾರದು.

ಡೇರೆಹೂವು ಅವರೇ, ಕೇಳಿದರೆ ವಿಚಾರ ತಲೆಗೆ ಹೋಗುತ್ತದೆ ಅನ್ನುವುದು ತಪ್ಪು. ಇದರ ಮೇಲೆ ಬೇಕಾದಷ್ಟು ಅಧ್ಯಯನ ಆಗಿದೆ. ಕೇಳಿದ್ದರಿಂದ ಅಪಾಯ ಹೆಚ್ಚುವುದಿಲ್ಲ. ಎಷ್ಟೋ ಮಕ್ಕಳಿಗೆ ಯಾರೋ ಕೇಳಿದರಲ್ಲ ಅಂತ ಉಸಿರು ಬರುತ್ತದೆ. ಆದರೆ ಕೇಳುವ ರೀತಿ ಇದೆ. "ಹುಚ್ಚು ವಿಚಾರ ಎಲ್ಲ ಏನೂ ಇಲ್ಲ ಅಲ್ವಾ?" ಅಂದರೆ ಅವಳು ಇಲ್ಲ ಅಂತಲೇ ಹೇಳುತ್ತಾಳೆ, ಉತ್ತರ ನೀವೇ ಕೊಟ್ಟಿರುತ್ತೀರಿ. ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸುತ್ತಿದೆಯಾ?" ಶಬ್ದಕ್ಕೆ ಹೆದರಬೇಡಿ.

ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, "ನಮಗೆ ಹೀಗೆ ಮಾಡ್ತೀಯಾ" ಅನ್ನಬೇಡಿ. ಹೇಗೆ, ಯಾವಾಗ ಅಂತ ಏನಾದರೂ ಯೋಚನೆ ಮಾಡಿದ್ದಾಳಾ, ಅದನ್ನೂ ಕೇಳಿ. ಮಾಡಿದ್ದಾಳೆ ಅಂದರೆ ಒಂದು ನಿಮಿಷವೂ ಒಬ್ಬಳನ್ನೇ ಬಿಡಬೇಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಈ ವಾರವೇ ತೋರಿಸಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ.

ಇನ್ನೊಂದು, ಈಗಲೇ ಎದ್ದು ಮಾಡಿ. ತೋಟದ ಔಷಧಿ, ಮನೆಯಲ್ಲಿರುವ ಮಾತ್ರೆ ಎಲ್ಲ ಬೀಗದೊಳಗೆ ಹಾಕಿ. 14416 ಬರೆದಿಟ್ಟುಕೊಳ್ಳಿ. ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 24 ತಾಸೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಡೇರೆಹೂವು | ರಾತ್ರಿ 10:41

ಔಷಧಿ, ಅತ್ತೆಯವರ ಮಾತ್ರೆ ಎಲ್ಲ ಟ್ರಂಕಿಗೆ ಹಾಕಿ ಬೀಗ ಹಾಕಿದೆ. ಕೀಲಿಕೈ ಸೆರಗಿಗೆ ಕಟ್ಟಿಕೊಂಡಿದ್ದೇನೆ. ಇವತ್ತು ಅವಳ ಪಕ್ಕ ಮಲಗುತ್ತೇನೆ. ಇಲ್ಲಿ ಕರೆಂಟ್ ಹೋಯಿತು, ಚಾರ್ಜ್ ಕಡಿಮೆ ಇದೆ.

ಗಾಳಿಮಾತು | ರಾತ್ರಿ 10:50

ಬೀಗ ಹಾಕಿ ಏನು ಪ್ರಯೋಜನ ಮಾರಾಯ್ರೆ? ಮನಸ್ಸು ಮಾಡಿದವರನ್ನು ಯಾರು ತಡೆಯಲು ಸಾಧ್ಯ?

ಬಿಳಿಕೋಟು | ರಾತ್ರಿ 10:57

ಈ ಮಾತನ್ನು ವಾರಕ್ಕೊಮ್ಮೆ ಕೇಳುತ್ತೇನೆ. ಎಷ್ಟೋ ಜನರಲ್ಲಿ ಆ ತೀವ್ರ ಹೊತ್ತು ತುಂಬಾ ಸಣ್ಣದು. ಕೆಲವರಿಗೆ ನಿಮಿಷಗಳು, ಕೆಲವರಿಗೆ ಒಂದೆರಡು ತಾಸು. ಆಗ ಕೈಗೆ ಏನೂ ಸಿಗದಿದ್ದರೆ ಆ ಹೊತ್ತು ದಾಟಿಹೋಗುತ್ತದೆ. ಹದಿಹರೆಯದಲ್ಲಂತೂ ಸಿಟ್ಟು, ದುಃಖ ಎಲ್ಲ ಭರ್ರನೆ ಏರುತ್ತದೆ, ಲಗಾಮು ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು 25 ವರ್ಷದ ಹತ್ತಿರ ಬೇಕು. ಶ್ರೀಲಂಕಾದವರು ತೀರಾ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದರು. 20 ವರ್ಷದಲ್ಲಿ ಅಲ್ಲಿ ಆತ್ಮಹತ್ಯೆ ಪ್ರಮಾಣ ಸುಮಾರು ಶೇಕಡಾ 70 ಇಳಿಯಿತು. ಒಮ್ಮೆ ಪ್ರಯತ್ನ ಮಾಡಿ ಬದುಕಿದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮುಂದೆ ಆ ದಾರಿಯಲ್ಲಿ ಸಾಯುವುದಿಲ್ಲ. "ಮನಸ್ಸು ಮಾಡಿದವರು" ಅಂತ ಒಂದು ಜಾತಿ ಇಲ್ಲ ಸ್ವಾಮಿ.

ಗಾಳಿಮಾತು | ರಾತ್ರಿ 11:03

ಸರಿ. ಗೊತ್ತಿರಲಿಲ್ಲ.

ಘಟ್ಟದಕೆಳಗೆ | ರಾತ್ರಿ 11:20

ಒಂದು ಮಾತು, ಯಾರೂ ಸಿಟ್ಟಾಗಬೇಡಿ. ಇಂಥದ್ದಕ್ಕೆ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ. ನಮ್ಮ ಕೇರಿಯಲ್ಲಿ ಒಂದು ಮನೆಯವರು ಅದೇ ಹೆದರಿಕೆಗೆ ಹೋಗಲೇ ಇಲ್ಲ.

ಕಾಳಿದಂಡೆ | ರಾತ್ರಿ 11:34

ವಕೀಲಿ ಮಾಡುವವನು ನಾನು, ಕಾರವಾರದಲ್ಲಿ. ಮೊದಲನೆಯದು, ಮನಸ್ಸಿಗೆ ಬೇಜಾರು ಅಂತ ಡಾಕ್ಟರ ಹತ್ತಿರ ಹೋಗುವುದಕ್ಕೂ ಪೊಲೀಸರಿಗೂ ಯಾವ ಸಂಬಂಧವೂ ಇಲ್ಲ. ಪ್ರಯತ್ನ ಮಾಡಿದವರ ಮೇಲೆ ಕೇಸ್ ಹಾಕುವ 309ನೇ ಕಲಂ ಹಳೆಯ ದಂಡ ಸಂಹಿತೆಯಲ್ಲಿತ್ತು, ನಿಜ. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೇ ಕಲಂ ಅದರ ಹಲ್ಲು ಕಿತ್ತಿತು. ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಇಲ್ಲ, ಆರೈಕೆ ಕೊಡುವುದು ಸರ್ಕಾರದ ಕೆಲಸ ಅಂತ ಅದರಲ್ಲಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರನನ್ನು ಬಗ್ಗಿಸಲು ಪ್ರಯತ್ನ ಮಾಡಿದರೆ ಮಾತ್ರ ಅಪರಾಧ ಅಂತ 226ನೇ ಕಲಂ ಉಳಿದಿದೆ. ಪ್ರಯತ್ನ ಆಗಿ ದಾಖಲಾದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಹೇಳಿಕೆ ತೆಗೆದುಕೊಳ್ಳಬಹುದು. ಅದಕ್ಕೆ ಹೆದರಿ ಮನೆಯಲ್ಲೇ ಕೂರಬೇಡಿ.

ಘಟ್ಟದಕೆಳಗೆ | ರಾತ್ರಿ 11:41

ಇದನ್ನು ಅವರಿಗೆ ಯಾರಾದರೂ ಆಗ ಹೇಳಿದ್ದರೆ.

ಡೇರೆಹೂವು | ಮಂಗಳವಾರ, ಬೆಳಿಗ್ಗೆ 8:10

ಕೇಳಿದೆ.

ಕರೆಂಟ್ ಬಂದಿರಲಿಲ್ಲ. ಅದೇ ಒಳ್ಳೆಯದಾಯಿತು, ಇಬ್ಬರ ಮುಖವೂ ಕಾಣುತ್ತಿರಲಿಲ್ಲ. ಬಿಳಿಕೋಟು ಹೇಳಿದ ಶಬ್ದದಲ್ಲೇ ಕೇಳಿದೆ. ತುಂಬಾ ಹೊತ್ತು ಮಾತಿಲ್ಲ. ಹಂಚಿನ ಮೇಲೆ ಮಳೆ ಅಷ್ಟೇ. ಮಲಗಿಬಿಟ್ಟಳೇನೋ ಅಂದುಕೊಂಡೆ. ಆಮೇಲೆ "ಯಾವಾಗಲೂ ಅಲ್ಲ ಆಯಿ" ಅಂದಳು. ಹೇಗೆ ಅಂತ ಏನೂ ಯೋಚಿಸಿಲ್ಲವಂತೆ. "ನಾಳೆ ಏಳದಿದ್ದರೆ ಸಾಕು ಅನಿಸುತ್ತದೆ" ಅಂದಳು. ಜಾಸ್ತಿ ಯಾವಾಗ ಅನಿಸುತ್ತದೆ ಅಂದರೆ, "ಫ್ಲೆಕ್ಸ್ ಕೆಳಗೆ ಬಸ್ಸಿಗೆ ಕಾಯುವಾಗ."

ರಿಸಲ್ಟ್ ಬಂದಾಗ ಊರಿನ ಹುಡುಗರು ಬಸ್ ಸ್ಟಾಪಿನಲ್ಲಿ ಅವಳ ಫೋಟೋ ಹಾಕಿ "ನಮ್ಮೂರ ಹೆಮ್ಮೆ" ಅಂತ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ನಾವೂ ಖುಷಿಪಟ್ಟಿದ್ದೆವು, ಅವಳ ಅಪ್ಪ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಈಗ ಮೊದಲ ಟೆಸ್ಟಿನಲ್ಲಿ ಫಿಸಿಕ್ಸಿಗೆ 35ಕ್ಕೆ 11 ಬಂದಿದೆ. ನಮಗೆ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಅದರ ಕೆಳಗೇ ನಿಲ್ಲುತ್ತಾಳೆ.

"ಆಕ್ಸಲರೇಷನ್ ಅಂತ ಸರ್ ಹೇಳಿದರು. ಅದು ವೇಗೋತ್ಕರ್ಷ ಅಂತ ಹೊಳೆಯುವಷ್ಟರಲ್ಲಿ ಬೋರ್ಡ್ ಒರೆಸಿಬಿಟ್ಟಿದ್ದರು" ಅಂದಳು. ಆಗ ಅತ್ತಳು. ನಾನೂ ಅತ್ತೆ. ಇವತ್ತು ಕಾಲೇಜಿಗೆ ಕಳಿಸಿಲ್ಲ. ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದಾಳೆ.

ಬಿಳಿಕೋಟು | ಬೆಳಿಗ್ಗೆ 8:16

ದೊಡ್ಡ ಕೆಲಸ ಮಾಡಿದ್ದೀರಿ. ಇವತ್ತು ಮಂಗಳವಾರ ಅಲ್ವಾ? ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರವೇ. ವಾರ ಬದಲಾಗುವುದೂ ಉಂಟು, ಹೊರಡುವ ಮೊದಲು ಫೋನ್ ಮಾಡಿ. ಅಪ್ಪನಿಗೂ ಹೇಳಿ. ನೀವೊಬ್ಬರೇ ಹೊರಬೇಡಿ.

ಪಿಯುಮಾಸ್ತರ | ಬೆಳಿಗ್ಗೆ 9:05

ಆ ವೇಗೋತ್ಕರ್ಷ ಓದಿ ಮನಸ್ಸು ಕೆಟ್ಟಿತು. 19 ವರ್ಷದಿಂದ ಫಿಸಿಕ್ಸ್ ಹೇಳುತ್ತಿದ್ದೇನೆ. ಪ್ರತಿ ಜುಲೈಯಲ್ಲಿ ಇದೇ ಕಥೆ. ಹಳ್ಳಿ ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕೂತು ಕೈ ಎತ್ತುತ್ತಿದ್ದ ಮಕ್ಕಳು ನಮ್ಮಲ್ಲಿ ಕೊನೆಯ ಬೆಂಚಿಗೆ ಹೋಗುತ್ತಾರೆ. ದಡ್ಡರಲ್ಲ. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ನಾನು ಮೊದಲ ಎರಡು ತಿಂಗಳು ಬೋರ್ಡಿನ ಎಡಗಡೆ ಗೆರೆ ಎಳೆದು ಕನ್ನಡ ಶಬ್ದ ಬರೆದಿಡುತ್ತೇನೆ, ಪಾಠ ಮುಗಿಯುವವರೆಗೂ ಒರೆಸುವುದಿಲ್ಲ. ಕೆಲವು ಸಹೋದ್ಯೋಗಿಗಳು ನಕ್ಕದ್ದುಂಟು. ದೀಪಾವಳಿ ಹೊತ್ತಿಗೆ ಹೆಚ್ಚಿನವರು ಹಳಿಗೆ ಬರುತ್ತಾರೆ. ಮಗಳಿಗೆ ಹೇಳಿ, 11 ಅವಳ ಬುದ್ಧಿಯ ಅಳತೆ ಅಲ್ಲ, ಇಂಗ್ಲಿಷಿನದ್ದು.

ಅಡಿಕೆಸುಲಿ | ಬೆಳಿಗ್ಗೆ 9:22

ಅದಕ್ಕೇ ಹೇಳುವುದು, ಮೊದಲಿನಿಂದಲೇ ಇಂಗ್ಲಿಷ್ ಮೀಡಿಯಂಗೆ ಹಾಕಬೇಕು.

ಪಿಯುಮಾಸ್ತರ | ಬೆಳಿಗ್ಗೆ 9:25

ಅದಕ್ಕೇ ಹೇಳುವುದು, ಪಿಯು ಸೈನ್ಸನ್ನು ಕನ್ನಡದಲ್ಲೂ ಕಲಿಸಬೇಕು.

ಅಡಿಕೆಸುಲಿ | ಬೆಳಿಗ್ಗೆ 9:31

ಕಲಿಸಿ, ಆಮೇಲೆ ಮೆಡಿಕಲ್ಲಿಗೆ, ಇಂಜಿನಿಯರಿಂಗಿಗೆ ಹೋದಾಗ ಮತ್ತೆ ಅದೇ ಗೋಳು. ಗೋಳನ್ನು ಎರಡು ವರ್ಷ ಮುಂದೆ ಹಾಕಿದಂತಾಯಿತು ಅಷ್ಟೇ. ಸೈನ್ಸ್ ಬಿಡಿಸಿ ಕಾಮರ್ಸಿಗೆ ಹಾಕಿ, ಕಥೆ ಮುಗಿಯಿತು.

ಬೈತಖೋಲ್ | ಬೆಳಿಗ್ಗೆ 9:40

ಹುಡುಗಿ ನಿನ್ನೆ ರಾತ್ರಿ ಬಾಯಿ ಬಿಟ್ಟಿದ್ದಾಳೆ, ನೀವು ಇವತ್ತು ಬೆಳಿಗ್ಗೆ ಕಾಮರ್ಸ್ ಸೀಟು ಹುಡುಕುತ್ತಿದ್ದೀರಿ. ಅವಳನ್ನು ಕೇಳಿದಿರಾ?

ಹದಿನೇಳಾಗಿದ್ದೆ | ಬೆಳಿಗ್ಗೆ 10:48

ಲಾಗಿನ್ ಆಗಿ ಎರಡು ವರ್ಷವಾಗಿತ್ತು. ಇದಕ್ಕೋಸ್ಕರ ಬಂದೆ. ಈಗ ನನಗೆ 24. ಕುಮಟಾ ಕಡೆಯವನು. 17ರಲ್ಲಿ ಹಾಸ್ಟೆಲಿನಲ್ಲಿದ್ದಾಗ ಡೇರೆಹೂವು ಅವರ ಮಗಳ ಜಾಗದಲ್ಲೇ ಇದ್ದೆ. ಏನಾಯಿತು ಅಂತ ವಿವರ ಹೇಳಲ್ಲ, ಬೇಕಾಗಿಲ್ಲ. ದೊಡ್ಡವರು ಆಗ ಹೇಳಿದ್ದನ್ನು ಮಾತ್ರ ಹೇಳುತ್ತೇನೆ.

"ಕೈಕಾಲಿಲ್ಲದವರೂ ಬದುಕುತ್ತಿಲ್ಲವಾ?" ಕೇಳಿದ ಮೇಲೆ ನನ್ನ ನೋವಿಗೆ ನಾಚಿಕೆಯೂ ಸೇರಿತು. "ನಿನಗೇನು ಕಡಿಮೆ ಮಾಡಿದ್ದೇವೆ?" ಏನೂ ಇಲ್ಲ ಅಂತ ನನಗೂ ಗೊತ್ತಿತ್ತು, ಅದಕ್ಕೇ ಹೇಳಲು ಬಾಯಿ ಬರುತ್ತಿರಲಿಲ್ಲ. "ಧ್ಯಾನ ಮಾಡು." ಕಣ್ಣು ಮುಚ್ಚಿದರೆ ಅದೇ ಬರುತ್ತಿತ್ತು.

ಉಪಯೋಗಕ್ಕೆ ಬಂದವನು ನಮ್ಮ ಮೆಸ್ಸಿನ ಅಡುಗೆಯವನು. ದೋಸೆ ಹುಯ್ಯುತ್ತಾ "ನೀನು ಎರಡು ವಾರದಿಂದ ಚಟ್ನಿ ಹಾಕಿಸಿಕೊಂಡಿಲ್ಲ, ಏನಾಗಿದೆ?" ಅಂತ ಕೇಳಿದ. ಅಷ್ಟು ದಿನ ಯಾರೂ ನನ್ನ ತಟ್ಟೆ ನೋಡಿರಲಿಲ್ಲ. ಅಲ್ಲೇ ಕೂತು ಹೇಳಿದೆ. ಅವನು ಉಪದೇಶ ಮಾಡಲಿಲ್ಲ. ಅವನಿಗೆ ಉಪದೇಶ ಗೊತ್ತೂ ಇರಲಿಲ್ಲ. ವಾರ್ಡನ್ ಹತ್ತಿರ ಕರೆದುಕೊಂಡು ಹೋದ, ಅಪ್ಪ ಬರುವವರೆಗೆ ಪಕ್ಕದಲ್ಲೇ ಕೂತಿದ್ದ.

ಮೊಬೈಲ್ ಕಸಿಯಿರಿ ಅಂದವರಿಗೆ: ನನ್ನ ಮೊಬೈಲ್ ಕಸಿದಿದ್ದರೆ ಆ ತಿಂಗಳು ನನ್ನ ಜೊತೆ ಮಾತಾಡುತ್ತಿದ್ದ ಒಬ್ಬನೇ ಗೆಳೆಯನೂ ಹೋಗುತ್ತಿದ್ದ. ರಾತ್ರಿ ನಿದ್ದೆ ಕೆಡಿಸುತ್ತದೆ ಅನ್ನುವುದು ಮಾತ್ರ ಹೌದು.

ಹಳೇಪಾಟಿ | ಬೆಳಿಗ್ಗೆ 11:02

ತಮ್ಮಾ, ನನ್ನ ಮಾತು ವಾಪಸ್. ಅರ್ಧ ವಾಪಸ್. ಮೊಬೈಲ್ ವಿಷಯದಲ್ಲಿ ಇನ್ನೊಮ್ಮೆ ಜಗಳ ಆಡೋಣ.

ಮುಚ್ಚಿದಬಾಗಿಲು | ಮಧ್ಯಾಹ್ನ 12:30

ನನ್ನ ತಮ್ಮ 2009ರಲ್ಲಿ ಹೋದ. ಅವನಿಗೆ 17. ಮರುದಿನ ಪೇಪರಿನಲ್ಲಿ "ಪರೀಕ್ಷೆಯಲ್ಲಿ ಫೇಲಾದದ್ದಕ್ಕೆ" ಅಂತ ಬಂತು. ಅವನು ಫೇಲಾಗಿದ್ದು ಒಂದೇ ವಿಷಯದಲ್ಲಿ. ಆದರೆ ಅದಕ್ಕೆ ಆರು ತಿಂಗಳ ಮೊದಲೇ ಅವನು ಸಮುದ್ರಕ್ಕೆ ಈಜಲು ಹೋಗುವುದನ್ನು ಬಿಟ್ಟಿದ್ದ. ಸಣ್ಣದಕ್ಕೂ ಸಿಡಿಯುತ್ತಿದ್ದ. ನಾವು ಸೊಕ್ಕು ಅಂದುಕೊಂಡೆವು. ಹದಿಹರೆಯದವರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಅಲ್ಲ, ಸಿಟ್ಟಾಗಿ ಕಾಣುತ್ತದೆ ಅಂತ ನನಗೆ ಗೊತ್ತಾದದ್ದು ಹತ್ತು ವರ್ಷದ ಮೇಲೆ.

ಜನಕ್ಕೆ ಒಂದೇ ಕಾರಣ ಬೇಕು. ಮಾರ್ಕ್ಸ್, ಇಲ್ಲ ಪ್ರೀತಿ, ಇಲ್ಲ ಅಪ್ಪ ಬೈದದ್ದು. ಆಯಿಯನ್ನು ಎಷ್ಟು ಜನ ಕೇಳಿದರು, "ನೀವು ಬೈದಿದ್ದಿರಾ?" ಅಂತ. ಅವಳು ಇವತ್ತಿಗೂ ಲೆಕ್ಕ ಹಾಕುತ್ತಾಳೆ, ಹಿಂದಿನ ದಿನ ಏನು ಹೇಳಿದ್ದೆ ಅಂತ. ಹೀಗೆ ಬರೆಯಬಾರದು, ವಿಧಾನದ ವಿವರ ಕೊಡಬಾರದು, ಒಂದೇ ಕಾರಣ ಹೇಳಬಾರದು ಅಂತ ಪ್ರೆಸ್ ಕೌನ್ಸಿಲ್ 2019ರಲ್ಲೇ ನಿಯಮ ಒಪ್ಪಿದೆ. ಯಾರು ಓದುತ್ತಾರೆ?

ಡೇರೆಹೂವು ಅವರೇ, ನೀವು ಕೇಳಿದ್ದು ಓದಿ ಅಂಗಡಿ ಬಾಗಿಲು ಹಾಕಿ ಒಳಗೆ ಕೂತಿದ್ದೇನೆ.

ಬೈತಖೋಲ್ | ಮಧ್ಯಾಹ್ನ 12:36

🙏

ಕಾಳಿದಂಡೆ | ಮಧ್ಯಾಹ್ನ 1:15

2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಹೀಗೆ ಹೋದರು ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅಂದರೆ 60 ಮಕ್ಕಳ ಕ್ಲಾಸಿನಲ್ಲಿ ನಾಲ್ಕು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬ ಕೌನ್ಸೆಲರ್ ಇರಲೇಬೇಕು ಅಂದಿತು. ನಿಮ್ಮ ಮಕ್ಕಳ ಕಾಲೇಜಿಗೆ ಹೋಗಿ ಕೇಳಿ, ಕೌನ್ಸೆಲರ್ ಕೋಣೆ ಎಲ್ಲಿದೆ ಅಂತ.

ಅಡಿಕೆಸುಲಿ | ಮಧ್ಯಾಹ್ನ 1:28

ನಮ್ಮಲ್ಲಿ ಇದೆ. ಬಾಗಿಲಿಗೆ ಬೋರ್ಡ್ ಇದೆ, ಒಳಗೆ ಕ್ರೀಡಾ ಸಾಮಾನು ಇದೆ.

ಗಾಳಿಮಾತು | ಮಧ್ಯಾಹ್ನ 1:33

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಎಲ್ಲರೂ ಸ್ಟೇಟಸ್ ಹಾಕಿದೆವು. ಶಿರೂರು ಟೋಲಿನಲ್ಲಿ ಆಂಬುಲೆನ್ಸ್ ಉರುಳಿದ ಮೇಲೆ. ಏನಾಯಿತು? ಈಗಲೂ ಗಂಭೀರವಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಮೊದಲು...

ಸುಂಕದಕಟ್ಟೆ (ನಿರ್ವಾಹಕ) | ಮಧ್ಯಾಹ್ನ 1:50

ಆಸ್ಪತ್ರೆ ಹೋರಾಟಕ್ಕೆ ಬೇರೆ ಎಳೆ ಇದೆ, 400 ಕಾಮೆಂಟ್ ಆಗಿದೆ, ಅಲ್ಲಿಗೆ ಹೋಗಿ. ಇಲ್ಲಿ ಓದುತ್ತಿರುವ ಮಕ್ಕಳೂ ಇರಬಹುದು. ನಿಮಗೂ ಹೀಗೆ ಅನಿಸುತ್ತಿದ್ದರೆ ಈಗಲೇ 14416 ಒತ್ತಿ, ಮಕ್ಕಳಿಗೆ 1098 ಕೂಡ ಇದೆ. ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಹೇಳಿ. ವಿಧಾನದ ಬಗ್ಗೆ ಬರೆದ ಎರಡು ಕಾಮೆಂಟ್ ತೆಗೆದಿದ್ದೇನೆ.

ಕೊಂಕಣಿಬಾಯಿ | ಮಧ್ಯಾಹ್ನ 2:20

14416ಕ್ಕೆ ಹೋದ ವರ್ಷ ನಾನೇ ಫೋನ್ ಮಾಡಿದ್ದೆ, ಮಗನಿಗೋಸ್ಕರ. ಭಾಷೆ ಆರಿಸಲು ಹೇಳಿತು, ಕನ್ನಡ ಒತ್ತಿದೆ. ಏನೋ ದೊಡ್ಡ ಪ್ರಶ್ನೆ ಕೇಳುತ್ತಾರೆ ಅಂತ ತಯಾರಾಗಿದ್ದರೆ ಆ ಹುಡುಗಿ "ಮೊದಲು ನೀವು ಊಟ ಮಾಡಿದ್ದೀರಾ ಅಮ್ಮಾ?" ಅಂದಳು. ಮಾಡಿರಲಿಲ್ಲ. 40 ನಿಮಿಷ ಮಾತಾಡಿದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ ವಿಚಾರಿಸಿದರು.

ಡೇರೆಹೂವು | ಸಂಜೆ 6:55

ಹೋಗಿ ಬಂದೆವು. ಹೊರಡುವಾಗ ಅತ್ತೆಯವರದ್ದು ದೊಡ್ಡ ರಂಪ. ದೃಷ್ಟಿ ತೆಗೆದರೆ ಸಾಕಂತೆ, ಊರಿಗೆ ಗೊತ್ತಾದರೆ ನಾಳೆ ಇವಳನ್ನು ಯಾರು ಕೇಳುತ್ತಾರಂತೆ.

ಬೈತಖೋಲ್ | ಸಂಜೆ 6:58

16ರ ಹುಡುಗಿಗೆ ಈಗಲೇ ಗಂಡು ನೋಡುತ್ತಿದ್ದಾರಾ?

ಕೊಂಕಣಿಬಾಯಿ | ಸಂಜೆ 7:04

ದೃಷ್ಟಿಯನ್ನೂ ತೆಗೆಸಿ, ಅಜ್ಜಿಗೂ ಸಮಾಧಾನ ಬೇಕಲ್ಲ. ನಾಲ್ಕು ಮೆಣಸು, ಉಪ್ಪಿನಿಂದ ಯಾರಿಗೂ ನಷ್ಟವಿಲ್ಲ. ಡಾಕ್ಟರ ಬದಲಿಗೆ ಅಂತ ಆಗಬಾರದು ಅಷ್ಟೇ.

ಡೇರೆಹೂವು | ಸಂಜೆ 7:30

ತೆಗೆದಾಯಿತು. ಮಗಳು ಒಂದು ಸಲ ನಕ್ಕಳು, ಹೊಗೆಗೆ ಕೆಮ್ಮಿದಳು.

ಡಾಕ್ಟರು ಮೊದಲು ನನ್ನನ್ನು ಹೊರಗೆ ಕೂರಿಸಿ ಅವಳ ಜೊತೆ ಮಾತಾಡಿದರು. ಅರ್ಧ ತಾಸು. ಬೆಂಚಿನ ಮೇಲೆ ಕೂತು ಬಾಗಿಲಿನ ಬಣ್ಣ ಎಲ್ಲಿ ಕಿತ್ತಿದೆ ಅಂತ ನೋಡುತ್ತಿದ್ದೆ. ಆಮೇಲೆ ನನ್ನನ್ನು ಕರೆದರು. ಖಿನ್ನತೆ ಶುರುವಾಗಿದೆ, ಬೇಗ ಬಂದಿದ್ದೀರಿ ಅಂದರು. ಈಗ ವಾರಕ್ಕೊಮ್ಮೆ ಮಾತಾಡುವುದು, ಮಾತ್ರೆ ಬೇಕಾ ಅಂತ ಎರಡು ಮೂರು ವಾರ ನೋಡಿ ಹೇಳುತ್ತಾರಂತೆ. ಅವಳು ಹೇಳಿದ್ದೆಲ್ಲ ನನಗೆ ಹೇಳುವುದಿಲ್ಲ, ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ಹೇಳುತ್ತೇನೆ ಅಂತ ಅವಳ ಎದುರೇ ಹೇಳಿದರು. ಅದು ಅವಳಿಗೆ ಇಷ್ಟವಾದ ಹಾಗಿತ್ತು. ಒಂದು ಚೀಟಿಯಲ್ಲಿ ಅವಳ ಕೈಯಲ್ಲೇ ಬರೆಸಿದ್ದಾರೆ: ಆ ವಿಚಾರ ಬಂದರೆ ಮೊದಲು ಏನು ಮಾಡುವುದು, ಯಾರಿಗೆ ಹೇಳುವುದು, ಯಾರಿಗೆ ಫೋನ್ ಮಾಡುವುದು. ಎರಡನೇ ಹೆಸರು ನನ್ನದು. ಮೊದಲನೆಯದು ಅವಳ ಗೆಳತಿಯದು. ಇರಲಿ.

ಬಿಳಿಕೋಟು | ಸಂಜೆ 7:41

ಎರಡನೇ ಸ್ಥಾನ ತುಂಬಾ ಒಳ್ಳೆಯ ಸ್ಥಾನ. ನನ್ನ ಮಗನ ಪಟ್ಟಿಯಲ್ಲಿ ನಾನು ನಾಲ್ಕನೆಯವಳು, ನಾಯಿ ಆದಮೇಲೆ. ಮುಂದಿನ ವಾರ ಆರಾಮ ಕಂಡರೂ ಹೋಗುವುದು ಬಿಡಬೇಡಿ. ಬೀಗವನ್ನೂ ತೆಗೆಯಬೇಡಿ.

ಪಿಯುಮಾಸ್ತರ | ಸಂಜೆ 8:02

ಫಿಸಿಕ್ಸ್ ಶಬ್ದಗಳ ಪಟ್ಟಿ ನನ್ನಲ್ಲಿದೆ, ಕೈಬರಹದ್ದು, ಎಂಟು ಪುಟ. ಫೋಟೋ ತೆಗೆದು ಮೆಸೇಜಿಗೆ ಹಾಕುತ್ತೇನೆ. ಈಗಲೇ ಕೊಡಬೇಡಿ. ಅವಳು ಕೇಳಿದಾಗ ಕೊಡಿ.

ಯುವಕಮಂಡಲ | ರಾತ್ರಿ 9:15

ನಾನು ಅಂಕೋಲಾ ಕಡೆಯವನು. ನಮ್ಮೂರಿನಲ್ಲಿ ಈ ವರ್ಷ ಮೂರು ಮಕ್ಕಳ ಫ್ಲೆಕ್ಸ್ ಕಟ್ಟಿದವನು ನಾನೇ. ಒಳ್ಳೆಯದಕ್ಕೇ ಅಂತ ಮಾಡಿದ್ದು. ಇನ್ನೂ ಅಲ್ಲೇ ಇವೆ. ನಾಳೆ ಮಳೆ ಬಿಟ್ಟರೆ ಏಣಿ ತೆಗೆದುಕೊಂಡು ಹೋಗುತ್ತೇನೆ.

ಅಡಿಕೆಸುಲಿ | ರಾತ್ರಿ 9:21

ಮೂವರಲ್ಲಿ ಯಾರಿಗಾದರೂ ಅದು ಖುಷಿ ಕೊಡುತ್ತಿರಬಹುದು. ಕೇಳಿ ತೆಗೆಯಿರಿ.

ಡೇರೆಹೂವು | ಬುಧವಾರ, ಬೆಳಿಗ್ಗೆ 7:40

ನಿನ್ನೆ ರಾತ್ರಿ ಇವರಿಗೆ ಎಲ್ಲ ಹೇಳಿದೆ. ಒಂದು ಮಾತೂ ಆಡಲಿಲ್ಲ, ಎಲೆ ಅಡಿಕೆ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದರು. ಬೆಳಿಗ್ಗೆ ಹಾಲು ಕರೆದು ಬರುವಷ್ಟರಲ್ಲಿ ಮನುಷ್ಯ ಇಲ್ಲ. ಆರೂವರೆಗೆ ಕಂಬಳಿಕೊಪ್ಪೆ ಹೊದ್ದು ಬಂದರು, ಹೆಗಲ ಮೇಲೆ ಸುತ್ತಿದ ಫ್ಲೆಕ್ಸ್. ಮಗಳು ಹಲ್ಲುಜ್ಜುತ್ತಾ ನಿಂತು ನೋಡುತ್ತಿದ್ದಳು. ಅವಳಿಗೂ ಏನೂ ಹೇಳಲಿಲ್ಲ. ಹೋಗಿ ಕಟ್ಟಿಗೆ ರಾಶಿಯ ಮೇಲೆ ಹೊದಿಸಿದರು, ಫೋಟೋ ಕೆಳಗೆ ಮಾಡಿ. "ಈ ಸಲ ಕಟ್ಟಿಗೆ ನೆನೆಯುವುದಿಲ್ಲ" ಅಂದರು.

ಕುಂಡ ಇನ್ನೂ ಆಚೆಮನೆಯಲ್ಲೇ ಇವೆ. ನಾನು ಕೇಳಲು ಹೋಗಿಲ್ಲ.

ಕೊಂಕಣಿಬಾಯಿ | ಬೆಳಿಗ್ಗೆ 7:52

ಕುಂಡ ಅಲ್ಲೇ ಇರಲಿ. ಅತ್ತಿಗೆಗೆ ನೀರು ಜಾಸ್ತಿ ಹಾಕಬೇಡಿ ಅಂತ ಮಾತ್ರ ಹೇಳಿ, ಈ ಮಳೆಗೆ ಗಡ್ಡೆ ಕೊಳೆಯುತ್ತದೆ.